ದಾವಣಗೆರೆಯಿಂದ ಮುಂಬೈ: ಆಕಾಶದಲ್ಲಿ 610 ಕಿ.ಮೀ, ರಸ್ತೆಯಲ್ಲಿ 720. ಅಮ್ಮನಿಗೆ ಎಷ್ಟು ಗಂಟೆ?

ಹದಡಿ ರಸ್ತೆಯವನು
ಶನಿವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ತಂಗಿ ಮುಂಬೈ ಹತ್ತಿರದ ಡೊಂಬಿವಿಲಿಯಲ್ಲಿದ್ದಾಳೆ. ಮೊದಲ ಬಾಣಂತನ ಇಲ್ಲೇ ದಾವಣಗೆರೆಯಲ್ಲಿ ಆಯಿತು. ಎರಡನೆಯದಕ್ಕೆ ಅವಳು ಬರುವ ಹಾಗಿಲ್ಲ, ದೊಡ್ಡವನ ಶಾಲೆ ಇದೆ. ಹಾಗಾಗಿ ಅಮ್ಮನೇ ಹೋಗಬೇಕು. ಅಮ್ಮನಿಗೆ 64 ವರ್ಷ. ಮಂಡಿ ನೋವಿದೆ, ಒಂದೇ ಕಡೆ ನಾಲ್ಕು ಗಂಟೆ ಕೂತರೆ ಏಳುವುದು ಕಷ್ಟ.

ದೂರ ಎಷ್ಟು ಅಂತ ನೆಟ್‌ನಲ್ಲಿ ಹುಡುಕಿದೆ. ಒಂದು ಕಡೆ "ದಾವಣಗೆರೆ–ಮುಂಬೈ ವಿಮಾನ ದೂರ 610 ಕಿ.ಮೀ, ಸಮಯ 45 ನಿಮಿಷ" ಅಂತ ಬರುತ್ತದೆ. ರಸ್ತೆ 720 ಕಿ.ಮೀ, 12 ಗಂಟೆ ಅಂತ ಇದೆ. ದಾವಣಗೆರೆಯಲ್ಲಿ ವಿಮಾನ ನಿಲ್ದಾಣವೇ ಇಲ್ಲ, 45 ನಿಮಿಷ ಎಲ್ಲಿಂದ ಬಂತು? ಬೆಂಗಳೂರಿಗೆ ಹೋಗಿ ವಿಮಾನ ಹತ್ತಿಸುವುದಾ, ಹುಬ್ಬಳ್ಳಿಗಾ, ಶಿವಮೊಗ್ಗಕ್ಕಾ? ಅಥವಾ ಸುಮ್ನೆ ಸ್ಲೀಪರ್ ಬಸ್ಸಿಗೆ ಹತ್ತಿಸಿಬಿಡುವುದು ಒಳ್ಳೆಯದಾ? ಹೋಗಿ ಬಂದವರು ದಯವಿಟ್ಟು ಹೇಳಿ. ನಾನೂ ಜೊತೆಗೆ ಹೋಗುತ್ತೇನೆ, ಬಿಟ್ಟು ಮರುದಿನ ವಾಪಸ್ ಬರುತ್ತೇನೆ.


ಲೆಕ್ಕದ ಮೇಷ್ಟ್ರು
ಶನಿವಾರ, ರಾತ್ರಿ 10:15

ಆ 45 ನಿಮಿಷ ಎಲ್ಲಿಂದ ಬಂತು ಅಂತ ಹೇಳುತ್ತೇನೆ. ಎರಡು ಊರುಗಳ ಅಕ್ಷಾಂಶ ರೇಖಾಂಶ ತೆಗೆದುಕೊಂಡು ಭೂಮಿಯ ಮೇಲೆ ನೇರ ಗೆರೆ ಎಳೆಯುತ್ತಾರೆ. ಆ ಗೆರೆಯ ಉದ್ದವನ್ನು ವಿಮಾನದ ವೇಗದಿಂದ, ಗಂಟೆಗೆ 800 ಕಿ.ಮೀ ಅಂತ ಇಟ್ಟುಕೊಂಡು, ಭಾಗಿಸುತ್ತಾರೆ. ಅಷ್ಟೇ. ಆ ಊರಲ್ಲಿ ನಿಲ್ದಾಣ ಇದೆಯೋ ಇಲ್ಲವೋ ಆ ಲೆಕ್ಕಕ್ಕೆ ಬೇಕಾಗಿಲ್ಲ.

ಇದನ್ನು ಮನೆಯಲ್ಲೇ ಮಾಡಿ ನೋಡಬಹುದು. ದಾವಣಗೆರೆ ಸುಮಾರು 14.46 ಡಿಗ್ರಿ ಉತ್ತರ, 75.92 ಪೂರ್ವ. ಬೆಂಗಳೂರು 12.97, 77.59. ಅಕ್ಷಾಂಶದ ಒಂದು ಡಿಗ್ರಿಗೆ 111 ಕಿ.ಮೀ. ರೇಖಾಂಶದ ಒಂದು ಡಿಗ್ರಿಗೆ ನಮ್ಮ ಕಡೆ 108 ಕಿ.ಮೀ ಹತ್ತಿರ. ಅಂದರೆ ಬೆಂಗಳೂರು ನಮಗಿಂತ 165 ಕಿ.ಮೀ ದಕ್ಷಿಣಕ್ಕೆ, 180 ಕಿ.ಮೀ ಪೂರ್ವಕ್ಕೆ. ಎಂಟನೇ ಕ್ಲಾಸಿನ ಪೈಥಾಗೊರಸ್ ಹಾಕಿದರೆ 244 ಬರುತ್ತದೆ. ಹೈವೇಯಲ್ಲಿ ಹೋದರೆ 260 ಚಿಲ್ಲರೆ. ಆಕಾಶಕ್ಕೂ ರಸ್ತೆಗೂ ಇಪ್ಪತ್ತು ಕಿ.ಮೀ ಕೂಡ ವ್ಯತ್ಯಾಸ ಇಲ್ಲ! ನಮ್ಮ ಹೈವೇ ಅಷ್ಟು ನೆಟ್ಟಗಿದೆ. ಮಕ್ಕಳಿಗೆ ಇದನ್ನು ಮಾಡಿಸಿದಾಗಲೆಲ್ಲ ನನಗೇ ಖುಷಿಯಾಗುತ್ತದೆ.

ಈಗ ಮಂಗಳೂರು ತೆಗೆದುಕೊಳ್ಳಿ. ಗೆರೆ ಎಳೆದರೆ 210 ಕಿ.ಮೀ, ಬೆಂಗಳೂರಿಗಿಂತ ಹತ್ತಿರ. ಆದರೆ ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ ಮೇಲೆ ಇಳಿದರೆ 270 ದಾಟುತ್ತದೆ, ಸಮಯ ಆರೂವರೆ ಏಳು ಗಂಟೆ. ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಗೆರೆ ನೋಡುವುದಿಲ್ಲ. ಹಾಗಾಗಿ ದೂರ ಅಂದರೆ ಕಿಲೋಮೀಟರ್ ಕೇಳಬೇಡಿ, ಗಂಟೆ ಕೇಳಿ. ಅದೂ ಮನೆ ಬಾಗಿಲಿಂದ ಮನೆ ಬಾಗಿಲಿಗೆ.


ಕೆಎ 17 ಚಾಲಕ
ಶನಿವಾರ, ರಾತ್ರಿ 10:50

ಮೇಷ್ಟ್ರೇ, ಸರಿಯಾಗಿ ಹೇಳಿದಿರಿ. ನಾನು ಇಪ್ಪತ್ತು ವರ್ಷದಿಂದ ಈ ರೋಡಲ್ಲಿ ಗಾಡಿ ಓಡಿಸುತ್ತಿದ್ದೇನೆ. ರಸ್ತೆ ನೆಟ್ಟಗಿದೆ ಅಂತ ಎಲ್ಲಾ ಕಿಲೋಮೀಟರೂ ಒಂದೇ ಅಲ್ಲ. ಬೆಂಗಳೂರಿನ ದಾರಿ ತಗೊಳ್ಳಿ. ದಾವಣಗೆರೆಯಿಂದ ದುರ್ಗ, ಅಂದರೆ ಚಿತ್ರದುರ್ಗ, 60 ಕಿ.ಮೀ, ಹೆಬ್ಬಾಳು ಟೋಲ್ ಸೇರಿ ಮುಕ್ಕಾಲು ಗಂಟೆ, ಹೆಚ್ಚಂದರೆ ಐವತ್ತು ನಿಮಿಷ. ದುರ್ಗದಿಂದ ಹಿರಿಯೂರು, ಶಿರಾ, ತುಮಕೂರು 130 ಕಿ.ಮೀ, ಎರಡು ಗಂಟೆ. ಇಲ್ಲಿಗೆ ಮೂರು ಗಂಟೆಯಲ್ಲಿ 190 ಕಿ.ಮೀ ಮುಗಿಯಿತು. ಉಳಿದ 70 ಕಿ.ಮೀ ಇದೆಯಲ್ಲ, ತುಮಕೂರಿಂದ ಯಶವಂತಪುರ, ಅದು ಒಂದು ದಿನ ಒಂದೂಕಾಲು ಗಂಟೆ, ಇನ್ನೊಂದು ದಿನ ಎರಡೂವರೆ ಗಂಟೆ. ಭಾನುವಾರ ಸಂಜೆ ನೆಲಮಂಗಲದಲ್ಲಿ ಸಿಕ್ಕಿಹಾಕಿಕೊಂಡರೆ ದೇವರೇ ಗತಿ.

ದೇವನಹಳ್ಳಿ ಏರ್‌ಪೋರ್ಟಿಗೆ ಹೋಗುವವರು ಬೆಂಗಳೂರು ಒಳಗೆ ಹೋಗಲೇಬೇಡಿ. ಡಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರ ಮೇಲೆ ದೇವನಹಳ್ಳಿ ಸೇರಿ. ಸ್ಯಾಟಲೈಟ್ ರಿಂಗ್ ರೋಡ್ ಆದ ಮೇಲೆ ಈ ದಾರಿ ಬಹಳ ಚೆನ್ನಾಗಿದೆ. ದಾವಣಗೆರೆಯಿಂದ ಸುಮಾರು 280 ಕಿ.ಮೀ, ಐದು ಗಂಟೆ ಇಟ್ಟುಕೊಳ್ಳಿ. ಪೀಣ್ಯ, ಹೆಬ್ಬಾಳ ಎರಡೂ ತಪ್ಪುತ್ತವೆ.

ಆದರೆ ತಮ್ಮಾ, ಮುಂಬೈಗೆ ಹೋಗುವ ಅಮ್ಮನನ್ನು ಐದು ಗಂಟೆ ಉಲ್ಟಾ ದಿಕ್ಕಿಗೆ ಕರೆದುಕೊಂಡು ಹೋಗುವುದು ಯಾಕೆ? ಹುಬ್ಬಳ್ಳಿಗೆ ಹೋಗು. 150 ಕಿ.ಮೀ, ಹರಿಹರ, ರಾಣೆಬೆನ್ನೂರು, ಹಾವೇರಿ, ಎರಡೂವರೆ ಗಂಟೆ. ಬಂಕಾಪುರ ಟೋಲ್ ದಾಟಿದರೆ ಬಂದೇಬಿಟ್ಟಿತು.


ಚಳ್ಳಕೆರೆ ಕಡೆಯವನು
ಶನಿವಾರ, ರಾತ್ರಿ 11:05

ಉಲ್ಟಾ ದಿಕ್ಕು ಅಂದಿದ್ದಕ್ಕೆ ಒಂದು ಮಾತು. ಬೆಂಗಳೂರು ಏರ್‌ಪೋರ್ಟಿಂದ ಮುಂಬೈ ಏರ್‌ಪೋರ್ಟಿಗೆ ನಕ್ಷೆಯಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದರೆ ಅದು ನಮ್ಮ ಚಳ್ಳಕೆರೆ ಹತ್ತಿರವೇ ಹಾದುಹೋಗುತ್ತದೆ. ಅಂದರೆ ನೀವು ದಾವಣಗೆರೆಯಿಂದ ಐದು ಗಂಟೆ ಕೂತು ದೇವನಹಳ್ಳಿಗೆ ಹೋಗಿ, ಹತ್ತಿ, ತಿರುಗಿ ನಮ್ಮ ಜಿಲ್ಲೆಯ ನೆತ್ತಿ ಮೇಲೇ ಬರುತ್ತೀರಿ. ನಾನು ಹೊಲದಲ್ಲಿ ಶೇಂಗಾ ಬಿಡಿಸುವಾಗ ತಲೆ ಎತ್ತಿ ನೋಡುತ್ತೇನೆ, ವಾಯುವ್ಯಕ್ಕೆ ಬಿಳಿ ಗೀಟು ಹೋಗಿರುತ್ತದೆ.


ಕೆಎ 16
ಭಾನುವಾರ, ಬೆಳಿಗ್ಗೆ 7:20

ಬೆಂಗಳೂರಿಂದ ವಿಮಾನ ಹಿಡಿಯುವ ಬಗ್ಗೆ ನನ್ನ ಅನುಭವ ಹೇಳಲೇಬೇಕು, ಯಾರಿಗಾದರೂ ಉಪಯೋಗ ಆಗಲಿ. ನಾನು ಚಿತ್ರದುರ್ಗದವನು. ಎರಡು ವರ್ಷದ ಹಿಂದೆ ದೀಪಾವಳಿ ಮುಗಿಸಿಕೊಂಡು ದೆಹಲಿಗೆ ವಾಪಸ್ ಹೊರಟಿದ್ದೆ. ಮೂರು ಗಂಟೆಗೆ ವಿಮಾನ. ಬೆಳಿಗ್ಗೆ ಮೊಬೈಲಲ್ಲಿ ನೋಡಿದರೆ ಏರ್‌ಪೋರ್ಟಿಗೆ ನಾಲ್ಕು ಗಂಟೆ ಅಂತ ತೋರಿಸಿತು. ಎಂಟೂವರೆಗೆ ಮನೆ ಬಿಟ್ಟೆ. ಆರೂವರೆ ಗಂಟೆ ಕೈಯಲ್ಲಿದೆ, ಧಾರಾಳ ಆಯಿತು ಅಂತ ಹಿರಿಯೂರಿನಲ್ಲಿ ನಿಲ್ಲಿಸಿ ತಿಂಡಿ ಕೂಡ ತಿಂದೆವು.

ಹಬ್ಬ ಮುಗಿಸಿದ ಇಡೀ ಮಧ್ಯ ಕರ್ನಾಟಕ ಅವತ್ತೇ ಬೆಂಗಳೂರಿಗೆ ಹೊರಟಿತ್ತು. ಶಿರಾ ದಾಟಿದ ಮೇಲೆ ಟೋಲ್ ಹತ್ತಿರ ಒಂದು ಸಾಲು, ತುಮಕೂರು ಬಳಿ ರಸ್ತೆ ಕೆಲಸ, ಅಲ್ಲಿ ಇನ್ನೊಂದು ಸಾಲು. ಡಾಬಸ್‌ಪೇಟೆ ದಾರಿ ಗೊತ್ತಿರಲಿಲ್ಲ, ನೆಲಮಂಗಲ ಮೇಲೇ ಹೋದೆವು. ಮೊಬೈಲಲ್ಲಿ ತಲುಪುವ ಸಮಯ 12:50 ಇದ್ದದ್ದು 1:20 ಆಯಿತು, 1:45 ಆಯಿತು, ನೋಡ್ತಾ ನೋಡ್ತಾ 2:10 ಆಯಿತು. ಸೆಕ್ಯೂರಿಟಿ ಮುಗಿಸಿ ಗೇಟ್ ಹತ್ತಿರ ಓಡಿದಾಗ 2:40. ಗೇಟನ್ನು ಸಾಮಾನ್ಯವಾಗಿ 25 ನಿಮಿಷ ಮೊದಲೇ ಮುಚ್ಚುತ್ತಾರೆ. ನನಗಿಂತ ಐದು ನಿಮಿಷ ಮೊದಲು ಮುಚ್ಚಿತ್ತು. ಗಾಜಿನ ಆಚೆ ವಿಮಾನ ನಿಂತೇ ಇತ್ತು. ಕೈಚೀಲದಲ್ಲಿ ಅಮ್ಮ ಕಟ್ಟಿಕೊಟ್ಟ ಹೋಳಿಗೆ ಇನ್ನೂ ಬೆಚ್ಚಗಿತ್ತು. ಆ ಕ್ಷಣ ಮರೆಯುವುದಕ್ಕೆ ಆಗುವುದಿಲ್ಲ.

ಬೆಳಿಗ್ಗೆ ಮೊಬೈಲ್ ತೋರಿಸುವ ಸಮಯ ಆ ಹೊತ್ತಿನ ರಸ್ತೆಯದು. ನೀವು ತುಮಕೂರು ಮುಟ್ಟುವ ಹೊತ್ತಿನದಲ್ಲ. ಹಬ್ಬದ ಹಿಂದಿನ ದಿನ, ಹಬ್ಬದ ಮರುದಿನ, ಭಾನುವಾರ ಸಂಜೆ, ಈ ಮೂರಕ್ಕೂ ಎರಡು ಗಂಟೆ ಜಾಸ್ತಿ ಸೇರಿಸಿ.


ಹದಡಿ ರಸ್ತೆಯವನು
ಭಾನುವಾರ, ಬೆಳಿಗ್ಗೆ 8:05

ಓದಿ ಹೊಟ್ಟೆ ಚುರುಕ್ ಅಂತು ಅಣ್ಣ. ಬೆಂಗಳೂರು ಬೇಡ ಅಂತ ಮನಸ್ಸಿಗೆ ಬಂದಿದೆ. ಶಿವಮೊಗ್ಗ ಹೇಗೆ? ಅದು ಹುಬ್ಬಳ್ಳಿಗಿಂತ ಹತ್ತಿರ ಅಲ್ವಾ?


ತುಂಗೆಯ ದಡ
ಭಾನುವಾರ, ಬೆಳಿಗ್ಗೆ 9:30

ಹತ್ತಿರ ಹೌದು. ಸೋಗಾನೆಯ ನಿಲ್ದಾಣ ದಾವಣಗೆರೆಯಿಂದ 90 ಕಿ.ಮೀ ಹತ್ತಿರ ಬೀಳುತ್ತದೆ. 2023ರ ಫೆಬ್ರವರಿ 27ಕ್ಕೆ ಉದ್ಘಾಟನೆ ಆಯಿತು, ಅದೇ ವರ್ಷ ಆಗಸ್ಟ್ 31ಕ್ಕೆ ಬೆಂಗಳೂರಿಂದ ಮೊದಲ ಇಂಡಿಗೋ ವಿಮಾನ ಬಂತು. ನಮ್ಮ ಊರಿಗೆ ವಿಮಾನ ಬಂದ ದಿನ ನಾವೆಲ್ಲ ಟೆರೇಸ್ ಮೇಲೆ ನಿಂತು ನೋಡಿದೆವು. ಆದರೆ ಇಲ್ಲಿಂದ ಮುಂಬೈಗೆ ಹೋಗಲು ಬೆಂಗಳೂರಿನಲ್ಲಿ ಇಳಿದು ಮತ್ತೊಂದು ವಿಮಾನ ಹತ್ತಿದರೆ, ಕಾಯುವ ಹೊತ್ತು ಸೇರಿ ಇಡೀ ದಿನ ಹೋಗುತ್ತದೆ. ಮಂಡಿ ನೋವಿನವರಿಗೆ ಎರಡು ಸಲ ಹತ್ತುವುದು ಇಳಿಯುವುದು ಬೇಡ. ನನ್ನ ಊರಿನ ನಿಲ್ದಾಣ ಅಂತ ಪ್ರೀತಿ ಇದ್ದರೂ, ನಿಮಗೆ ಹುಬ್ಬಳ್ಳಿಯೇ ಸರಿ.

ಇನ್ನೊಂದು. ಚಿಕ್ಕ ಊರುಗಳಿಗೆ ಬರುವ ಎಟಿಆರ್ ವಿಮಾನ ರೆಕ್ಕೆಯಲ್ಲಿ ಪಂಖ ಇರುವಂಥದ್ದು, ಗಂಟೆಗೆ 500 ಕಿ.ಮೀ ಆಸುಪಾಸು. ದೊಡ್ಡ ಜೆಟ್ 800 ದಾಟುತ್ತದೆ. ಶಿವಮೊಗ್ಗದಿಂದ ದೇವನಹಳ್ಳಿ ಗೆರೆಯಲ್ಲಿ 240 ಕಿ.ಮೀ ಇದ್ದರೂ ಒಂದು ಗಂಟೆ ಬೇಕು. ಓಡುದಾರಿಗೆ ಹೋಗುವುದು, ಏರುವುದು, ಸುತ್ತಿ ಇಳಿಯುವುದು, ನಿಲ್ಲುವ ಜಾಗಕ್ಕೆ ಬರುವುದು ಎಲ್ಲ ಅದರಲ್ಲೇ ಬಂತು.


ಪಿ.ಬಿ. ರಸ್ತೆಯ ಹಳಬ
ಭಾನುವಾರ, ಬೆಳಿಗ್ಗೆ 11:10

ನನಗೀಗ 71. ವಿಷಯಕ್ಕೆ ಸ್ವಲ್ಪ ಆಚೆಯದು, ಆದರೂ ಬರೆಯುತ್ತೇನೆ. ದಾವಣಗೆರೆಯ ಹುಡುಗರಿಗೆ ಪಿ.ಬಿ. ರಸ್ತೆ ಅಂದರೆ ಅಂಗಡಿ ಸಾಲು ಅಂತ ಮಾತ್ರ ಗೊತ್ತು. ಪಿ.ಬಿ. ಅಂದರೆ ಪೂನಾ–ಬೆಂಗಳೂರು. ಆ ಕಾಲದಲ್ಲಿ ಮುಂಬೈ ಲಾರಿ, ಪುಣೆ ಲಾರಿ ಎಲ್ಲ ನಮ್ಮ ಮನೆ ಮುಂದೆಯೇ ಹೋಗುತ್ತಿದ್ದವು. ಹತ್ತಿ ಗಿರಣಿಗಳಿಗೆ ಅಂಡಿಗೆ ಹೊತ್ತ ಲಾರಿಗಳು ರಾತ್ರಿಯಿಡೀ. ಒಂದೇ ರಸ್ತೆ, ಎದುರಿಂದ ಲಾರಿ ಬಂದರೆ ಬಸ್ಸು ಮಣ್ಣಿಗೆ ಇಳಿಯಬೇಕು. ಬೆಂಗಳೂರಿಗೆ ಕೆಂಪು ಬಸ್ಸಲ್ಲಿ ಏಳು ಗಂಟೆ, ಕೆಲವು ಸಲ ಎಂಟು. 1999ರಲ್ಲಿ ಶುರುವಾದ ಸುವರ್ಣ ಚತುಷ್ಪಥದ ಕೆಲಸ ನಮ್ಮ ಕಡೆ ಮುಗಿದ ಮೇಲೆ ಮೊದಲ ಸಲ ನಾಲ್ಕೂವರೆ ಗಂಟೆಗೆ ಬೆಂಗಳೂರು ಮುಟ್ಟಿದಾಗ ನನಗೆ ನಂಬಲಿಕ್ಕೆ ಆಗಲಿಲ್ಲ. ನಂಬರ್ ಬದಲಾಗಿ ಈಗ ಎನ್‌ಎಚ್ 48, ನನ್ನ ಬಾಯಲ್ಲಿ ಇನ್ನೂ ಎನ್‌ಎಚ್ ಫೋರೇ.

ಊರು ಅಲ್ಲೇ ಇದೆ, ಬೆಂಗಳೂರೂ ಅಲ್ಲೇ ಇದೆ. ಆದರೆ ನನ್ನ ಆಯುಸ್ಸಿನಲ್ಲೇ ಮೂರು ಗಂಟೆ ಹತ್ತಿರ ಬಂತು.


ಕೆಎ 16
ಭಾನುವಾರ, ಬೆಳಿಗ್ಗೆ 11:40

ಹಿರಿಯರೇ, ರೈಲೂ ಹಾಗೇ ಹತ್ತಿರ ಬರಲಿ ಅಂತ ನಾವು ದುರ್ಗದವರು ಕಾಯುತ್ತಿದ್ದೇವೆ. ರಸ್ತೆಯಲ್ಲಿ ದಾವಣಗೆರೆ–ಬೆಂಗಳೂರು 260 ಇದ್ದರೆ ರೈಲಿಗೆ 325 ಕಿ.ಮೀ ಹತ್ತಿರ, ಚಿಕ್ಕಜಾಜೂರು, ಬೀರೂರು, ಅರಸೀಕೆರೆ ಸುತ್ತಿಕೊಂಡು ಹೋಗಬೇಕು. ಅಷ್ಟು ಸುತ್ತಿದರೂ 2023ರ ಜೂನ್‌ನಲ್ಲಿ ಬಂದ ವಂದೇ ಭಾರತ್ ಮೂರೂವರೆ ಗಂಟೆ ಆಸುಪಾಸಿನಲ್ಲಿ ದಾವಣಗೆರೆ ಮುಟ್ಟಿಸುತ್ತದೆ, ಅಂದರೆ ಕಾರಿಗಿಂತ ಬೇಗ. ಆದರೆ ಅದು ದುರ್ಗಕ್ಕೆ ಬರುವುದಿಲ್ಲ. ಬೆಂಗಳೂರಿಗೆ 60 ಕಿ.ಮೀ ಹತ್ತಿರ ಇರುವ ನಾವು ರೈಲಿಗೆ ದಾವಣಗೆರೆಯವರಿಗಿಂತ ದೂರ! ತುಮಕೂರಿಂದ ಶಿರಾ, ಹಿರಿಯೂರು, ಚಿತ್ರದುರ್ಗ ಮೇಲೆ ದಾವಣಗೆರೆಗೆ ನೇರ ಹಳಿಗೆ 2011–12ರಲ್ಲೇ ಮಂಜೂರಾತಿ ಸಿಕ್ಕಿತು. ಅದೊಂದು ಬೇಗ ಮುಗಿದರೆ ನಮ್ಮ ಮಕ್ಕಳಾದರೂ ಓಡಾಡುತ್ತಾರೆ.


ಠಾಣೆ ಕನ್ನಡಿಗ
ಭಾನುವಾರ, ಮಧ್ಯಾಹ್ನ 2:00

ನಾನು ಇಪ್ಪತ್ತೈದು ವರ್ಷದಿಂದ ಈ ಕಡೆ ಇದ್ದೇನೆ, ಮೂಲ ಹರಿಹರ. ಎಲ್ಲರೂ ಈ ಕಡೆಯ ಲೆಕ್ಕ ಹೇಳುತ್ತಿದ್ದೀರಿ. ಆ ಕಡೆಯದೂ ನೋಡಿ. ಡೊಂಬಿವಿಲಿ ಮುಂಬೈ ಅಲ್ಲ, ಮುಂಬೈ ಏರ್‌ಪೋರ್ಟಿಂದ 35–40 ಕಿ.ಮೀ. ಟ್ಯಾಕ್ಸಿಗೆ ಒಂದೂವರೆ ಗಂಟೆ, ಸಂಜೆ ಆದರೆ ಎರಡಕ್ಕೂ ಮೇಲೆ.

ಬಸ್ಸಿಗೆ ಬಂದರೆ ಮುಂಬೈವರೆಗೆ ಬರುವುದೇ ಬೇಡ. ಎಕ್ಸ್‌ಪ್ರೆಸ್‌ವೇ ಇಳಿದ ಮೇಲೆ ಕಳಂಬೋಲಿಯಲ್ಲಿ ಇಳಿಯಿರಿ. ಅಲ್ಲಿಂದ ತಳೋಜಾ, ಶಿಳ್‌ಫಾಟಾ ಮೇಲೆ ಡೊಂಬಿವಿಲಿ ಸುಮಾರು 25 ಕಿ.ಮೀ. ಗೊತ್ತಿಲ್ಲದವರು ಸಯನ್‌ವರೆಗೆ ಹೋಗಿ ಮತ್ತೆ ಅದೇ ದಿಕ್ಕಿಗೆ ವಾಪಸ್ ಬರುತ್ತಾರೆ.

ರೈಲಿಗೆ ಬಂದರೆ ಇನ್ನೂ ಸುಲಭ. ದಾದರ್‌ಗೆ ಬರುವ ಚಾಲುಕ್ಯ ಎಕ್ಸ್‌ಪ್ರೆಸ್ ದಾವಣಗೆರೆ ಮೇಲೇ ಬರುತ್ತದೆ, ಕಲ್ಯಾಣ್‌ನಲ್ಲಿ ನಿಲ್ಲುತ್ತದೆ. ಕಲ್ಯಾಣ್‌ನಿಂದ ಡೊಂಬಿವಿಲಿ ಆಟೋ ದೂರ. ಹದಿನೈದು ಹದಿನಾರು ಗಂಟೆ ಆಗುತ್ತದೆ ನಿಜ, ಆದರೆ ಕೆಳಗಿನ ಬರ್ತ್ ಸಿಕ್ಕರೆ ಕಾಲು ಚಾಚಿ ಮಲಗಬಹುದು, ಎದ್ದು ಓಡಾಡಬಹುದು. ವಾರದಲ್ಲಿ ಕೆಲವೇ ದಿನ ಇರುವುದರಿಂದ ಮೊದಲೇ ಬುಕ್ ಮಾಡಬೇಕು. ನನ್ನ ತಾಯಿ ಕೊನೆಯವರೆಗೂ ಅದರಲ್ಲೇ ಓಡಾಡಿದರು.


ಲೆಕ್ಕದ ಮೇಷ್ಟ್ರು
ಭಾನುವಾರ, ಮಧ್ಯಾಹ್ನ 3:25

ಎಲ್ಲರ ಮಾತು ಸೇರಿಸಿ ಕೂಡಿಸಿದೆ, ಮನೆಯಿಂದ ಮನೆಗೆ.

ಹುಬ್ಬಳ್ಳಿ ಮೇಲೆ: ಕಾರು ಎರಡೂವರೆ, ನಿಲ್ದಾಣದಲ್ಲಿ ಒಂದೂವರೆಯಿಂದ ಎರಡು, ವಿಮಾನ ಒಂದೂಕಾಲು, ಲಗೇಜ್ ಅರ್ಧ, ಟ್ಯಾಕ್ಸಿ ಒಂದೂವರೆ. ಒಟ್ಟು ಏಳೂಕಾಲರಿಂದ ಏಳೂಮುಕ್ಕಾಲು ಗಂಟೆ. ಬೆಂಗಳೂರು ಮೇಲೆ: ಕಾರು ಐದು, ನಿಲ್ದಾಣ ಎರಡು, ವಿಮಾನ ಒಂದೂಮುಕ್ಕಾಲು, ಉಳಿದದ್ದು ಎರಡು. ಹನ್ನೊಂದು ಗಂಟೆ ಹತ್ತಿರ, ರಸ್ತೆ ಕೈಕೊಟ್ಟರೆ ಹದಿಮೂರು. ಬಸ್ಸು ರಾತ್ರಿಯಿಡೀ ಹನ್ನೆರಡರಿಂದ ಹದಿಮೂರು, ಕಳಂಬೋಲಿಯಿಂದ ಇನ್ನೊಂದು ಗಂಟೆ. ಅಂದರೆ ಬೆಂಗಳೂರಿನ ವಿಮಾನಕ್ಕೂ ಮನೆ ಹತ್ತಿರದ ಬಸ್ಸಿಗೂ ಎರಡು ಮೂರು ಗಂಟೆ ಮಾತ್ರ ವ್ಯತ್ಯಾಸ. ದುಡ್ಡಿನ ವ್ಯತ್ಯಾಸ ಎಷ್ಟು ಅಂತ ನೀವೇ ನೋಡಿ.


ಪಿ.ಜೆ. ಬಡಾವಣೆ ಅಕ್ಕ
ಭಾನುವಾರ, ಸಂಜೆ 5:50

ತಮ್ಮಾ, ಬಾಣಂತನಕ್ಕೆ ಹೋಗುವ ಅಮ್ಮ ಬರಿಗೈಯಲ್ಲಿ ಹೋಗುವುದಿಲ್ಲ. ಅಂಟಿನ ಉಂಡೆ, ತುಪ್ಪ, ಚಟ್ನಿಪುಡಿ ಎಲ್ಲ ಇರುತ್ತದೆ. ಅದಕ್ಕೆ ಈ ಮಾತು. ದೇಶದೊಳಗಿನ ವಿಮಾನದಲ್ಲಿ ಸಾಮಾನ್ಯವಾಗಿ ಒಳಗೆ ಹಾಕುವ ಲಗೇಜ್ 15 ಕೆಜಿ, ಕೈಚೀಲ 7 ಕೆಜಿ. ತುಪ್ಪದ ಡಬ್ಬಿ ಕೈಚೀಲದಲ್ಲಿ ಬೇಡ, ಸೆಕ್ಯೂರಿಟಿಯಲ್ಲಿ ತೆಗೆಸುತ್ತಾರೆ. ಮುಖ್ಯವಾಗಿ ಒಣಕೊಬ್ಬರಿ ಹಾಕಬೇಡಿ. 2022ರಿಂದ ಲಗೇಜಲ್ಲಿ ಕೊಬ್ಬರಿ ಬಿಡುವುದಿಲ್ಲ. ಅದರಲ್ಲಿ ಎಣ್ಣೆ ಇರುತ್ತದೆ, ಬೆಂಕಿ ಹತ್ತುವ ಅಪಾಯ ಅಂತ. ನಾನು ಮಗಳಿಗೆ ಅಂತ ತಿಪಟೂರಿನಿಂದ ತರಿಸಿದ ಎರಡು ಕೆಜಿ ಗಿಟುಕು ಕೌಂಟರಿನಲ್ಲೇ ಬಿಟ್ಟು ಹೋಗಬೇಕಾಯಿತು, ಹೊಟ್ಟೆ ಉರಿಯಿತು. ಉಂಡೆ ಇಲ್ಲೇ ಕಟ್ಟಿಕೊಂಡು ಹೋಗಿ, ಕೊಬ್ಬರಿ ಬೇಕಾದರೆ ಅಲ್ಲೇ ಕೊಳ್ಳಿ. ರೈಲಿಗೆ ಇಷ್ಟು ತಲೆನೋವು ಇಲ್ಲ.

ಟಿಕೆಟ್ ಮಾಡುವಾಗಲೇ ವೀಲ್‌ಚೇರ್ ಬೇಕು ಅಂತ ಹಾಕಿ. ನಾಚಿಕೆ ಬೇಡ ಅಂತ ಅಮ್ಮನಿಗೂ ಹೇಳಿ. ಮುಂಬೈ ನಿಲ್ದಾಣದಲ್ಲಿ ನಡೆಯುವ ದೂರವೇ ಅವರ ಮಂಡಿಗೆ ಸಾಕಾಗುತ್ತದೆ.


ಹದಡಿ ರಸ್ತೆಯವನು
ಎರಡು ವಾರದ ನಂತರ, ಗುರುವಾರ, ರಾತ್ರಿ 8:30

ಎಲ್ಲರಿಗೂ ಹೇಳಬೇಕು ಅಂತ ಬಂದೆ. ಮಂಗಳವಾರ ಹುಬ್ಬಳ್ಳಿ ಮೇಲೆ ಅಮ್ಮನನ್ನು ಕರೆದುಕೊಂಡು ಹೋದೆ. ಸಮಯ ಎಲ್ಲ ಬರೆದಿಟ್ಟುಕೊಂಡಿದ್ದೇನೆ.

ಬೆಳಿಗ್ಗೆ 8:10ಕ್ಕೆ ಮನೆ ಬಿಟ್ಟೆವು. ಹರಿಹರದ ಸೇತುವೆ ಮೇಲೆ ಅಮ್ಮ ಹೊಳೆಗೆ ಕೈಮುಗಿದು ಒಂದು ನಾಣ್ಯ ಹಾಕಬೇಕು ಅಂದರು, ನಿಲ್ಲಿಸುವ ಹಾಗಿರಲಿಲ್ಲ, ಕಿಟಕಿಯಿಂದಲೇ ಕೈಮುಗಿದರು. ರಾಣೆಬೆನ್ನೂರು ದಾಟಿ ಚಹಾಕ್ಕೆ ನಿಲ್ಲಿಸಿ ಅಮ್ಮನನ್ನು ಹತ್ತು ನಿಮಿಷ ಓಡಾಡಿಸಿದೆ. 10:45ಕ್ಕೆ ಗೋಕುಲ ರಸ್ತೆಯ ನಿಲ್ದಾಣ. ವಿಮಾನ ಇಪ್ಪತ್ತು ನಿಮಿಷ ತಡ, ಒಂದು ಗಂಟೆಗೆ ಬಿಟ್ಟಿತು. 2:15ಕ್ಕೆ ಮುಂಬೈ. ಲಗೇಜ್ ಬಂದು ಹೊರಗೆ ಬರುವಾಗ 2:45. ಡೊಂಬಿವಿಲಿ ಮನೆ ಬಾಗಿಲು 4:25. ಒಟ್ಟು 8 ಗಂಟೆ 15 ನಿಮಿಷ. ಮೇಷ್ಟ್ರ ಲೆಕ್ಕಕ್ಕೆ ಅರ್ಧ ಗಂಟೆ ಮಾತ್ರ ಹೆಚ್ಚು. ಇದರಲ್ಲಿ ಆಕಾಶದಲ್ಲಿ ಇದ್ದದ್ದು ಒಂದೂಕಾಲು ಗಂಟೆ, ಕಾರಿನಲ್ಲಿ ಕೂತದ್ದು ನಾಲ್ಕು ಗಂಟೆಗೂ ಮೇಲೆ!

ವೀಲ್‌ಚೇರ್ ಹುಡುಗ ಬಹಳ ಚೆನ್ನಾಗಿ ನೋಡಿಕೊಂಡ, ಅಕ್ಕನಿಗೆ ಧನ್ಯವಾದ. ಅಮ್ಮನಿಗೆ ಇದು ಮೊದಲ ವಿಮಾನ. ಇಳಿದ ಮೇಲೆ ತಂಗಿಗೆ ಹೇಳಿದ ಮೊದಲ ಮಾತು, "ಹತ್ತಿಸಿದರು, ಒಂದು ನೀರಿನ ಬಾಟಲಿ ಕೊಟ್ಟರು, ಇಳಿಸಿಬಿಟ್ಟರು. ದಾರಿಯೇ ಕಾಣಲಿಲ್ಲ ಕಣೇ." ವಾಪಸ್ ಬರುವಾಗ ಚಾಲುಕ್ಯದಲ್ಲೇ ಬರುತ್ತೇನೆ, ಕೆಳಗಿನ ಬರ್ತ್ ಮಾಡಿಸು ಅಂತ ಈಗಲೇ ಹೇಳಿದ್ದಾರೆ. ಕೊಬ್ಬರಿ ಅಲ್ಲೇ ಕೊಂಡರಂತೆ, ನಮ್ಮ ಕಡೆಯದರ ರುಚಿ ಇಲ್ಲ ಅಂತ ಫೋನಲ್ಲಿ ಬೇಜಾರು ಮಾಡಿಕೊಂಡರು.

ಮಗು ಹುಟ್ಟಿದ ಮೇಲೆ ನಾನೊಬ್ಬನೇ ಬಸ್ಸಿಗೆ ಹೋಗುತ್ತೇನೆ. ಠಾಣೆ ಅಣ್ಣ, ಕಳಂಬೋಲಿಯಲ್ಲಿ ಬೆಳಗಿನ ಜಾವ ಐದಕ್ಕೆ ಇಳಿದರೆ ಡೊಂಬಿವಿಲಿಗೆ ಗಾಡಿ ಸಿಗುತ್ತದಾ?


ಠಾಣೆ ಕನ್ನಡಿಗ
ಗುರುವಾರ, ರಾತ್ರಿ 9:15

ಸಿಗುತ್ತದೆ, ಆದರೆ ಕತ್ತಲಲ್ಲಿ ಆಟೋದವರು ಜಾಸ್ತಿ ಕೇಳುತ್ತಾರೆ. ಲಗೇಜ್ ಇಲ್ಲದಿದ್ದರೆ ಬೆಳಕಾಗುವವರೆಗೆ ಅಲ್ಲೇ ಚಹಾ ಅಂಗಡಿಯಲ್ಲಿ ಕೂತಿರಿ, ಆಮೇಲೆ ಸುಲಭ. ಇಲ್ಲ ಅಂದರೆ ಭಾವನಿಗೆ ಬೈಕ್ ತೆಗೆದುಕೊಂಡು ಬರಲು ಹೇಳಿ. ಬಸ್ಸು ಲೋಣಾವಳ ದಾಟಿದ ಕೂಡಲೇ ಫೋನ್ ಮಾಡಿದರೆ ಅವರು ಹೊರಟು ಬರುವುದಕ್ಕೂ ನೀವು ಇಳಿಯುವುದಕ್ಕೂ ಸರಿಹೋಗುತ್ತದೆ.